ಎಲೆ ಎತ್ತೋದು ಯಾರು? 1924ರ ಬೆಳಗಾವಿ ಅಧಿವೇಶನದ ಹಿತ್ತಲ ಕಥೆ

ಇವತ್ತಿನ ಕಥೆಯನ್ನ ಒಂದು ಬಾವಿಯಿಂದ ಶುರು ಮಾಡ್ತೀನಿ. ಬೆಳಗಾವಿಯ ಟಿಳಕವಾಡಿಯಲ್ಲಿ ವೀರಸೌಧದ ಹತ್ತಿರ ಒಂದು ದೊಡ್ಡ ಬಾವಿ ಇದೆ. ಊರಿನವರು ಅದನ್ನ ಕಾಂಗ್ರೆಸ್ ಬಾವಿ ಅಂತಾರೆ. ತೋಡಿದಾಗ ಇಟ್ಟ ಹೆಸರು ಪಂಪಾ ಸರೋವರ. ಖರ್ಚಾಗಿದ್ದು 4,370 ರೂಪಾಯಿ 3 ಆಣೆ. ಆ 3 ಆಣೆ ನನಗೆ ತುಂಬಾ ಇಷ್ಟ. ಎಲ್ಲೋ ಒಬ್ಬರು ಕೂತು ಅಷ್ಟನ್ನೂ ಬಿಡದೆ ಬರೆದಿಟ್ಟಿದ್ದಾರೆ ನೋಡಿ.

ಬಾವಿ ತೋಡಿದ್ದು ಯಾಕೆ? 1924ರ ಡಿಸೆಂಬರ್ 26, 27ಕ್ಕೆ ಅಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ಇತ್ತು. ದೇಶದ ಎಲ್ಲ ಕಡೆಯಿಂದ ಜನ ಬರ್ತಾರೆ, ಅಷ್ಟೂ ಜನಕ್ಕೆ ನೀರು ಬೇಕು. ಪರೀಕ್ಷೆಗೆ ಓದಿದವರಿಗೆ ಉಳಿದದ್ದು ಗೊತ್ತೇ ಇರುತ್ತೆ: ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ, ಸ್ಥಳ ಬೆಳಗಾವಿ, ಒಂದು ಮಾರ್ಕು. ನನಗೆ ಕುತೂಹಲ ಇರೋದು ಆ ಮಾರ್ಕಿನ ಆಚೆ. ಸಾವಿರಾರು ಜನ ಬಂದು ಉಳಿದುಕೊಂಡಾಗ ನೀರು ಸೇದಿದ್ದು ಯಾರು? ಊಟದ ಎಲೆ ಎತ್ತಿದ್ದು ಯಾರು? ಕಕ್ಕಸು ತೊಳೆದದ್ದು ಯಾರು?

ಈ ಪ್ರಶ್ನೆ ಗಾಂಧೀಜಿಗೂ ಹೊಸದಾಗಿರಲಿಲ್ಲ. ಅದಕ್ಕೆ 23 ವರ್ಷ ಹಿಂದಕ್ಕೆ, ಕಲ್ಕತ್ತಾಗೆ ಹೋಗಬೇಕು.

1901ರ ಡಿಸೆಂಬರ್. ದಕ್ಷಿಣ ಆಫ್ರಿಕಾದಿಂದ ಬಂದ 32 ವರ್ಷದ ಒಬ್ಬ ವಕೀಲ. ಅಧಿವೇಶನಕ್ಕೆ ಬಂದವರಲ್ಲಿ ಕೆಲವರನ್ನ ರಿಪನ್ ಕಾಲೇಜಿನಲ್ಲಿ ಇಳಿಸಿದ್ದರು, ಇವರೂ ಅಲ್ಲೇ. ತಮ್ಮ ಆತ್ಮಕಥೆಯಲ್ಲಿ ಅಲ್ಲಿನ ಅವಸ್ಥೆಯನ್ನ ಗಾಂಧೀಜಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಒಬ್ಬ ಸ್ವಯಂಸೇವಕನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳ್ತಾನೆ, ಅವನು ಮತ್ತೊಬ್ಬನಿಗೆ. (ಕಾಲೇಜು ಫೆಸ್ಟ್‌ನಲ್ಲಿ ಬ್ಯಾಡ್ಜ್ ಹಾಕ್ಕೊಂಡು ಓಡಾಡಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ನಾನೂ ಆ ಎರಡನೆಯವನೇ.) ತಮಿಳು ಪ್ರತಿನಿಧಿಗಳಿಗೆ ಬೇರೆಯವರ ಕಣ್ಣು ಬಿದ್ದರೂ ಮೈಲಿಗೆ. ಅದಕ್ಕೆ ದೂರದಲ್ಲಿ ತಟ್ಟಿ ಕಟ್ಟಿ ಅವರಿಗೇ ಅಂತ ಅಡುಗೆಮನೆ. ಅಡುಗೆ, ಊಟ, ಕೈ ತೊಳೆಯೋದು ಎಲ್ಲಾ ಆ ಹೊಗೆಯೊಳಗೇ.

ಕಕ್ಕಸುಗಳು ಕೆಲವೇ ಇದ್ದವು, ಹತ್ತಿರ ಹೋಗೋಕೆ ಆಗದಷ್ಟು ನಾರ್ತಿದ್ದವು. ಗಾಂಧೀಜಿ ಸ್ವಯಂಸೇವಕರಿಗೆ ತೋರಿಸಿದರೆ, ಅದು ನಮ್ಮ ಕೆಲಸ ಅಲ್ಲ, ಅದು ಭಂಗಿಗಳ ಕೆಲಸ ಅನ್ನೋ ಉತ್ತರ. ಹಾಗಾದರೆ ಒಂದು ಪೊರಕೆ ಕೊಡಿ ಅಂದರು. ಆ ಮನುಷ್ಯ ಕಣ್ಣು ಬಿಟ್ಟುಕೊಂಡು ನೋಡಿದನಂತೆ. ಕಡೆಗೆ ಗಾಂಧೀಜಿ ಹೇಗೋ ಒಂದು ಪೊರಕೆ ಹುಡುಕಿ ತಂದು, ತಾವು ಬಳಸೋಷ್ಟನ್ನ ತಾವೇ ತೊಳೆದರು. ರಾತ್ರಿ ಹೊತ್ತು ಕೆಲವು ಪ್ರತಿನಿಧಿಗಳು ಕೋಣೆಯ ಹೊರಗಿನ ಜಗಲಿಯನ್ನೇ ಬಳಸಿಬಿಡ್ತಿದ್ದರು. ಬೆಳಿಗ್ಗೆ ಅದನ್ನ ಎತ್ತೋಕೆ ಒಬ್ಬರೂ ಮುಂದೆ ಬರಲಿಲ್ಲ.

ಅಧಿವೇಶನಕ್ಕೆ ಇನ್ನೂ ಎರಡು ದಿನ ಇತ್ತು. ಸುಮ್ಮನೆ ಕೂರಲಾರದೆ ಕಾಂಗ್ರೆಸ್ ಕಚೇರಿಗೆ ಹೋಗಿ ಏನಾದರೂ ಕೆಲಸ ಇದೆಯಾ ಅಂತ ಕೇಳಿದರು. ಕಾರ್ಯದರ್ಶಿ ಜಾನಕೀನಾಥ ಘೋಷಾಲರು ಗುಮಾಸ್ತರ ಕೆಲಸ ಇದೆ, ಮಾಡ್ತೀರಾ ಅಂದರು. ಉತ್ತರ ಕಾಣದ ಪತ್ರಗಳ ಒಂದು ರಾಶಿ. ಗಾಂಧೀಜಿ ಬೇಗನೆ ಮುಗಿಸಿಕೊಟ್ಟರು. ಇವರು ಯಾರು ಅಂತ ಆಮೇಲೆ ತಿಳಿದಾಗ ಘೋಷಾಲರಿಗೆ ನಾಚಿಕೆಯಾಯಿತಂತೆ. ಘೋಷಾಲರ ಅಂಗಿಯ ಗುಂಡಿ ಹಾಕೋಕೆ ಒಬ್ಬ ಆಳಿದ್ದ. ಆ ಕೆಲಸವನ್ನೂ ಗಾಂಧೀಜಿ ತಾವಾಗಿಯೇ ವಹಿಸಿಕೊಂಡರು.

ಅಷ್ಟು ದೂರದಿಂದ ಬಂದಿದ್ದು ದಕ್ಷಿಣ ಆಫ್ರಿಕಾದ ಭಾರತೀಯರ ಬಗ್ಗೆ ಒಂದು ನಿರ್ಣಯ ಮಂಡಿಸೋಕೆ. ಸಿಕ್ಕಿದ್ದು 5 ನಿಮಿಷ. ಮಾತಿನ ನಡುವೆ ಅಧ್ಯಕ್ಷ ದಿನ್‌ಶಾ ವಾಚಾ ಗಂಟೆ ಬಾರಿಸಿದರು. ಅದು ಇನ್ನು 2 ನಿಮಿಷ ಉಳಿದಿದೆ ಅನ್ನೋ ಸೂಚನೆ ಅಂತ ಇವರಿಗೆ ಗೊತ್ತಿರಲಿಲ್ಲ. ಬೇಜಾರಾಗಿ ಕೂತುಬಿಟ್ಟರು. ನಿರ್ಣಯವೇನೋ ಸರ್ವಾನುಮತದಿಂದ ಪಾಸಾಯಿತು. ಆ ಕಾಲದಲ್ಲಿ ಎಲ್ಲಾ ನಿರ್ಣಯಗಳೂ ಹಾಗೇ ಪಾಸಾಗ್ತಿದ್ದವು, ಓದಿರೋರು ಯಾರೂ ಇರ್ತಿರಲಿಲ್ಲ.

ಈಗ ವಾಪಸ್ ನಮ್ಮ ಕಡೆ ಬರೋಣ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅಮೆರಿಕದಲ್ಲಿ ಓದಿ ಬಂದವರು, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿದವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಇವರೂ ಇವರ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರೂ ಜೈಲಿಗೆ ಹೋದರು, ಕ್ಷಮೆ ಬರೆದುಕೊಡಲಿಲ್ಲ. ಆ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಸ್ವಯಂಸೇವಕ ಅಂದರೆ ಬ್ಯಾಡ್ಜ್ ಹಾಕ್ಕೊಂಡವನಲ್ಲ, ತರಬೇತಿ ಪಡೆದವನು, ಅನ್ನೋದು ಹರ್ಡೀಕರರ ಹಟ.

ಅದೇ ಕಾಕಿನಾಡದಲ್ಲಿ ಖಾದಿ ಪ್ರದರ್ಶನದ ಬಾಗಿಲಲ್ಲಿ 14 ವರ್ಷದ ಒಬ್ಬ ಸ್ವಯಂಸೇವಕಿ ನಿಂತಿದ್ದಳು. ಟಿಕೆಟ್ ಇಲ್ಲದೆ ಬಂದ ಜವಾಹರಲಾಲ್ ನೆಹರೂ ಅವರನ್ನ ಒಳಗೆ ಬಿಡಲಿಲ್ಲ. ಸಂಘಟಕರು ರೇಗಿದರೆ, ನೀವು ಹೇಳಿದ್ದನ್ನೇ ತಾನೆ ಮಾಡ್ತಿರೋದು ಅಂದಳು. ಟಿಕೆಟ್ ಬಂತು, ನೆಹರೂ ಒಳಗೆ ಹೋದರು, ಹುಡುಗಿಯನ್ನ ಮೆಚ್ಚಿಕೊಂಡರು. ಅವಳೇ ಮುಂದೆ ಸಂವಿಧಾನ ಸಭೆಯ ಸದಸ್ಯೆಯಾದ ದುರ್ಗಾಬಾಯಿ ದೇಶಮುಖ್.

ಮುಂದಿನ ವರ್ಷ ಬೆಳಗಾವಿ. ಊರಿಗೆ ಅಧಿವೇಶನದ ಹೊಣೆ ಹೊತ್ತವರು ಕರ್ನಾಟಕ ಕೇಸರಿ ಗಂಗಾಧರರಾವ್ ದೇಶಪಾಂಡೆ. ಅಧಿವೇಶನದ ನಗರಕ್ಕೆ ವಿಜಯನಗರ ಅಂತ ಹೆಸರಿಟ್ಟರು. ಒಳಗೆ ನಡೆದ ರಾಜಕೀಯವನ್ನ ಬೇಗ ಹೇಳಿಬಿಡ್ತೀನಿ. ಶಾಸನಸಭೆಗೆ ಹೋಗಬೇಕು ಅನ್ನೋ ಸ್ವರಾಜ್ ಪಕ್ಷದವರಿಗೂ ಬೇಡ ಅನ್ನೋರಿಗೂ ಜಗಳ ಇತ್ತು, ಗಾಂಧೀಜಿ ರಾಜಿ ಮಾಡಿಸಿದರು. ಕಾಂಗ್ರೆಸ್ ಸದಸ್ಯ ಆಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅನ್ನೋ ನಿಯಮವೂ ಬಂತು. ಅದು ಹೆಚ್ಚು ದಿನ ಬಾಳಲಿಲ್ಲ.

ನನಗೆ ದೊಡ್ಡದಾಗಿ ಕಾಣೋದು ಬೇರೆ. ಈ ಅಧಿವೇಶನಕ್ಕೆ ಹೆಂಗಸರ ಸ್ವಯಂಸೇವಕ ಪಡೆ ಬೇಕು ಅಂತ ಹರ್ಡೀಕರರ ಜೊತೆ ಊರೂರು ಸುತ್ತಿದವರು ಉಮಾಬಾಯಿ ಕುಂದಾಪುರ. ಗಂಡ ತೀರಿಕೊಂಡು ಕೆಲವೇ ವರ್ಷ ಆಗಿತ್ತು. ವಿಧವೆ ಹೊಸ್ತಿಲು ದಾಟೋದೇ ಕಷ್ಟ ಇದ್ದ ಕಾಲ ಅದು. ಉಮಾಬಾಯಿ 150ಕ್ಕೂ ಹೆಚ್ಚು ಹೆಂಗಸರನ್ನ ಕರೆತಂದರು, ಅವರಲ್ಲಿ ಎಷ್ಟೋ ಜನ ವಿಧವೆಯರು. ಮನೆಯ ಮೂಲೆಯಲ್ಲಿ ಕೂತಿರಬೇಕು ಅಂತ ಎಲ್ಲರೂ ಹೇಳಿದ್ದ ಹೆಂಗಸರು ದೇಶದ ದೊಡ್ಡ ಸಭೆಯೊಂದರ ಕೆಲಸ ಹೊತ್ತರು. ಎರಡು ದಿನದ ಭಾಷಣಗಳಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇತ್ತು ಅಂತ ನನಗೆ ಅನ್ನಿಸಲ್ಲ.

ಇನ್ನು ಕಕ್ಕಸು. ಅದರ ಉಸ್ತುವಾರಿಗೆ ಸಬರಮತಿಯಿಂದ ಕಾಕಾ ಕಾಲೇಲ್ಕರ್ ಬಂದಿದ್ದರು. ಅವರ ಕೈಕೆಳಗೆ ಪೊರಕೆ ಹಿಡಿದ ಸ್ವಯಂಸೇವಕರಲ್ಲಿ ಬ್ರಾಹ್ಮಣ ಯುವಕರೂ ಇದ್ದರು. ಕಲ್ಕತ್ತಾದಲ್ಲಿ ಒಂದು ಪೊರಕೆ ಕೇಳಿದ್ದಕ್ಕೆ ಕಣ್ಣು ಬಿಟ್ಟಿದ್ದರು, ಇಲ್ಲಿ ಅದಕ್ಕೇ ಒಂದು ತಂಡ. 23 ವರ್ಷದಲ್ಲಿ ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆ ಹುಡುಗರು ಕೆಲವು ದಿನ ಮಾಡಿದ್ದಕ್ಕೆ ಅದು ಸೇವೆ ಆಯಿತು, ಚರಿತ್ರೆಗೂ ಬಂತು. ಜೀವನಪೂರ್ತಿ ಅದನ್ನೇ ಮಾಡಿದವರದ್ದು ಬರೀ ಕೆಲಸ. ಅವರ ಹೆಸರು ನಮಗೆ ಯಾರೂ ಕಲಿಸಲಿಲ್ಲ.

ಆ ಚಪ್ಪರದಲ್ಲಿ ಇನ್ನೊಬ್ಬಳು ಹುಡುಗಿ ಇದ್ದಳು. ವಯಸ್ಸು 11, ಊರು ಧಾರವಾಡ. ತಾಯಿ ಅಂಬಾಬಾಯಿ ಹಾಡುಗಾರ್ತಿ. ಅವರು ಇದ್ದದ್ದು ಬ್ರಾಹ್ಮಣರೇ ಹೆಚ್ಚಿದ್ದ ಶುಕ್ರವಾರಪೇಟೆಯಲ್ಲಿ. ಹಾಡೋಳ ಮಗಳು ಅಂತ ಬೀದಿಯಲ್ಲಿ ಹಂಗಿಸೋರು. ಈ ಹುಡುಗಿ ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದಳು. ಮುಂದೆ ನಾವೆಲ್ಲ ಗಂಗೂಬಾಯಿ ಹಾನಗಲ್ ಅಂತ ಕರೆದೆವು. 2002ರಲ್ಲಿ ಪದ್ಮವಿಭೂಷಣ ಬಂತು.

ಬೆಳಗಾವಿಯ ಆ ದಿನದ ಬಗ್ಗೆ ಗಂಗೂಬಾಯಿ ಮುಂದೆ ನೆನಪು ಮಾಡಿಕೊಂಡಾಗ ಹೇಳಿದ ವಿಷಯ ಹಾಡಿನದಲ್ಲ, ಗಾಂಧೀಜಿಯ ಮಾತಿನದೂ ಅಲ್ಲ. ಅಲ್ಲಿದ್ದಷ್ಟು ಹೊತ್ತೂ ಮನಸ್ಸಿನಲ್ಲಿ ಕೊರೀತಾ ಇದ್ದದ್ದು ಒಂದೇ ಭಯ. ನಾನು ಕೆಳಜಾತಿಯವಳು, ಊಟ ಆದಮೇಲೆ ಎಲೆ ಎತ್ತಿ ಬಳಿ ಅಂತ ನನಗೇ ಹೇಳಿಬಿಡ್ತಾರೇನೋ, ಅಂತ.