ಅಳದ ಕೂಸು ಸತ್ತ ಕೂಸಲ್ಲ

ಆಸ್ಪತ್ರೆ ಇನ್ನೂ ಹದಿನೈದು ಕಿಲೋಮೀಟರು ದೂರವಿರುವಾಗಲೇ ಆಂಬುಲೆನ್ಸಿನಲ್ಲಿ ಹೆರಿಗೆಯಾಗುತ್ತದೆ. ಕೂಸು ಹೊರಬಂದಿದೆ, ಅಳುತ್ತಿಲ್ಲ. ಕೈಕಾಲು ಜೋತುಬಿದ್ದಿವೆ, ಮೈ ನೀಲಿಗಟ್ಟಿದೆ. ಅದು ಬದುಕಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ಆಂಬುಲೆನ್ಸಿಗಿಂತ, ಆಸ್ಪತ್ರೆಗಿಂತಲೂ ಬಹಳ ಹಳೆಯದು. ಮನೆಯ ಮೂಲೆಯಲ್ಲೋ ಹೊಲದ ಬದುವಿನಲ್ಲೋ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರು ತಲೆತಲಾಂತರದಿಂದ ಎದುರಿಸಿದ್ದೂ ಇದನ್ನೇ.

ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕೊಂದು ಉತ್ತರವಿದೆ. ಕೂಸಿನ ಕಿವಿಯ ಬುಡದಲ್ಲಿ ಎರಡು ಕಲ್ಲುಗಳನ್ನು ಕುಟ್ಟಿ ಸದ್ದು ಮಾಡಬೇಕು. ತಣ್ಣೀರನ್ನೋ ಬಿಸಿನೀರನ್ನೋ ಮುಖಕ್ಕೆ ಚಿಮುಕಿಸಬೇಕು. ಆಗಲೂ ಚೇತರಿಸದಿದ್ದರೆ ಮೊರದಿಂದ ಗಾಳಿ ಬೀಸಬೇಕು, ಪ್ರಾಣ ಮರಳುವತನಕ ಬೀಸಬೇಕು. ಈ ವಿಧಾನಗಳನ್ನು ಇಂದು ಯಾರೂ ಒಪ್ಪಲಾರರು. ಆದರೆ ಅಳದ ಕೂಸನ್ನು ಕೂಡಲೇ ಕೈಬಿಡಬಾರದೆಂಬ ಅದರ ಹಟ ಮಾತ್ರ ಹಳತಾಗಿಲ್ಲ.

ಯೂರೋಪಿನ ಪಂಡಿತರು ಇದಕ್ಕಿಂತ ಹೆಚ್ಚು ಜಾಣರಾಗಿದ್ದರೆನ್ನುವಂತಿಲ್ಲ. 1871ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಶುಲ್ಟ್ಸೆ ಎಂಬ ಪ್ರಸೂತಿ ವೈದ್ಯ, ಕೂಸನ್ನು ಹೆಗಲ ಬಳಿ ಹಿಡಿದು ಮೇಲಕ್ಕೂ ಕೆಳಕ್ಕೂ ತೂಗುವ ವಿಧಾನವನ್ನು ಪ್ರಚಾರಕ್ಕೆ ತಂದ. ಮೈ ಮಡಿಸಿದಾಗ ಉಸಿರು ಹೊರಹೋಗುತ್ತದೆ, ಬಿಡಿಸಿದಾಗ ಒಳಬರುತ್ತದೆ ಎಂಬುದು ಅವನ ತರ್ಕ. ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಮತ್ತೆ ಮತ್ತೆ ಅದ್ದುವುದು, ತಲೆಕೆಳಗೆ ಹಿಡಿದು ಬಾರಿಸುವುದು ಇವೂ ಬಳಕೆಯಲ್ಲಿದ್ದವು. ಕೂಸನ್ನು ಬೆಚ್ಚಿಬೀಳಿಸಿದರೆ ಉಸಿರಾಡೀತು ಎಂಬುದೇ ಎಲ್ಲರ ನಂಬಿಕೆ. ಬೆಚ್ಚಿಬೀಳಿಸುವ ಮುನ್ನ ಕ್ರಮವಾಗಿ ನೋಡುವ ಪದ್ಧತಿ ಬರಲು 20ನೆಯ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

ಅದನ್ನು ಕೊಟ್ಟವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್. ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ತಾಯಿಯ ಮೇಲೆ. ಕೂಸನ್ನು ನೋಡುವವರಿಲ್ಲ ಎಂಬುದು ಅವರ ಕೊರಗಾಗಿತ್ತು. ನವಜಾತ ಶಿಶುವನ್ನು ಪರೀಕ್ಷಿಸುವುದು ಹೇಗೆಂದು ವಿದ್ಯಾರ್ಥಿಯೊಬ್ಬ ಕ್ಯಾಂಟೀನಿನಲ್ಲಿ ಕೇಳಿದಾಗ ಕೈಗೆ ಸಿಕ್ಕ ಕಾಗದದ ಮೇಲೆಯೇ ಐದು ಅಂಶಗಳನ್ನು ಗೀಚಿಕೊಟ್ಟರೆಂಬ ಕತೆ ಪ್ರಸಿದ್ಧ. ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗಿನ ಪ್ರತಿಕ್ರಿಯೆ, ಮೈಬಣ್ಣ: ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. 1952ರಲ್ಲಿ ಮಂಡಿಸಿ 1953ರಲ್ಲಿ ಪ್ರಕಟಿಸಿದ ಈ ಲೆಕ್ಕ ಜಗತ್ತಿನ ಹೆರಿಗೆ ಕೋಣೆಗಳನ್ನೆಲ್ಲ ಹೊಕ್ಕಿತು. ಮನುಷ್ಯ ಬರೆಯುವ ಮೊದಲ ಪರೀಕ್ಷೆ ಇದೇ ಎನ್ನಬಹುದು!

ಆದರೆ ಎಪ್ಗಾರ್ ಅಂಕ ಹಾಕುವುದು ಹುಟ್ಟಿದ ಒಂದು ನಿಮಿಷಕ್ಕೆ, ಮತ್ತೆ ಐದು ನಿಮಿಷಕ್ಕೆ. ಉಸಿರಾಡದ ಕೂಸು ಅಲ್ಲಿಯತನಕ ಕಾಯಲಾರದು. ಅಂಕ ದಾಖಲೆಗೆ ಬೇಕು. ಕೆಲಸ ಅದಕ್ಕೂ ಮೊದಲೇ ಶುರುವಾಗಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆಂಬ ಖಾತರಿಯೂ ಇಲ್ಲದ ದೇಶದಲ್ಲಿ ಆ ಕೆಲಸ ಮಾಡುವವರು ಯಾರು?

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ 1995ರಿಂದ ಇದಕ್ಕೆ ಉತ್ತರ ಹುಡುಕಿದರು. 39 ಹಳ್ಳಿಗಳಲ್ಲಿ ಆಯಾ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಮೂಗು ಬಾಯಿಗೆ ಮುಖವಾಡವಿಟ್ಟು ಕೂಸಿಗೆ ಉಸಿರು ಊದುವುದನ್ನೂ ಕಲಿಸಿದರು. ತರಬೇತಿಯಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಹಸುಗೂಸುಗಳ ಸಾವು ಮೂರನೆಯ ವರ್ಷಕ್ಕೆ ಶೇ. 62ರಷ್ಟು ಇಳಿದಿತ್ತು. 1999ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. 2011ರಲ್ಲಿ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಕೂಸು ನೋಡುವ ರಾಷ್ಟ್ರೀಯ ಯೋಜನೆ ಬಂದದ್ದರ ಹಿಂದೆ ಈ ಅನುಭವವಿದೆ.

ಇನ್ನೂ ಚಕಿತಗೊಳಿಸುವ ಸಂಗತಿ ಕರ್ನಾಟಕಕ್ಕೂ ಸಂಬಂಧಿಸಿದ್ದು. ಬೆಳಗಾವಿಯೂ ಸೇರಿ ಆರು ದೇಶಗಳ ಗ್ರಾಮೀಣ ಪ್ರದೇಶಗಳಲ್ಲಿ ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿ, ಫಲವನ್ನು 2010ರಲ್ಲಿ ಪ್ರಕಟಿಸಲಾಯಿತು. ಹುಟ್ಟಿದ ಮೊದಲ ವಾರದ ಸಾವಿನಲ್ಲಿ ಎದ್ದುಕಾಣುವ ವ್ಯತ್ಯಾಸವಾಗಲಿಲ್ಲ. ಬದಲಿಗೆ 'ಸತ್ತೇ ಹುಟ್ಟಿದವು' ಎಂದು ಬರೆಸಿಕೊಳ್ಳುತ್ತಿದ್ದ ಕೂಸುಗಳ ಸಂಖ್ಯೆ ಸಾವಿರಕ್ಕೆ 23ರಿಂದ ಸುಮಾರು 16ಕ್ಕೆ ಇಳಿಯಿತು. ಅಂದರೆ ಹಾಗೆ ಬರೆಸಿಕೊಂಡು ಮಣ್ಣು ಸೇರುತ್ತಿದ್ದ ಕೆಲವು ಕೂಸುಗಳು ಸತ್ತಿರಲೇ ಇಲ್ಲ. ಎದೆಯಲ್ಲಿ ಬಡಿತವಿತ್ತು, ಉಸಿರು ಹಚ್ಚುವವರಿರಲಿಲ್ಲ.

ಹಾಗಾದರೆ ಆ ಮೊದಲ ನಿಮಿಷದಲ್ಲಿ ಆಗಬೇಕಾದದ್ದೇನು? ಒಣ ಬಟ್ಟೆಯಿಂದ ಮೈಯೆಲ್ಲ ಒರೆಸಬೇಕು. ಅದರಿಂದ ಮೈ ಬೆಚ್ಚಗಿರುತ್ತದೆ, ಉಸಿರಿಗೂ ಪ್ರಚೋದನೆ. ಆಗಲೂ ಅಳದಿದ್ದರೆ ಬಾಯಲ್ಲಿ ಅಡ್ಡವಾದದ್ದನ್ನು ತೆಗೆದು, ಬೆನ್ನು ನೀವಬೇಕು. ಅದಕ್ಕೂ ಬಗ್ಗದಿದ್ದರೆ, ನಿಮಿಷ ತುಂಬುವುದರೊಳಗೆ ಮುಖವಾಡವಿಟ್ಟು ಕೈಚೀಲ ಒತ್ತಿ ಗಾಳಿ ಕೊಡಬೇಕು. ಹೊಕ್ಕುಳಬಳ್ಳಿಯ ಬುಡವನ್ನು ಬೆರಳಲ್ಲಿ ಹಿಡಿದರೆ ಹೃದಯದ ಬಡಿತ ತಿಳಿಯುತ್ತದೆ. ಅದು ನಿಮಿಷಕ್ಕೆ ನೂರನ್ನು ದಾಟಬೇಕು.

ಅತ್ತ ಕೂಸಿನ ಕತೆ ಸುಲಭದ್ದೆಂದೇನೂ ಅಲ್ಲ. ಒದ್ದೆ ಮೈಯ ಹಸುಗೂಸು ಬಲುಬೇಗ ತಣ್ಣಗಾಗುತ್ತದೆ. ಹುಟ್ಟಿದೊಡನೆ ನೀರೆರೆಯುವ ನಮ್ಮ ಮನೆಗಳ ರೂಢಿಯನ್ನು ವೈದ್ಯರು ಬೇಡವೆನ್ನುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 24 ಗಂಟೆ ತಡೆಯಿರಿ ಎಂದು. ದಾರಿಯಲ್ಲಿ ಹೆರಿಗೆಯಾದರೆ ವಾಹನದ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಕೂಸಿನ ತಲೆಗೆ ಕುಲಾವಿ ಹಾಕಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಹೊದಿಸುತ್ತಾರೆ. ಆಸ್ಪತ್ರೆ ಬರುವತನಕ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆಲ್ಲಿ ಸಿಕ್ಕೀತು?