ಪಾಪಿಯ ಬಗೆಗಿನ ಕರುಣೆ (ಇಸ್ಲಾಂ)

ತಪ್ಪನ್ನು ತಪ್ಪೆಂದೇ ಹೇಳುತ್ತ, ತಪ್ಪಿದವನನ್ನು ಕೀಳಾಗಿ ಕಾಣದಿರುವ ನಡತೆ. ದೇವರ ಕರುಣೆಯಲ್ಲಿ ಪಾಪಿಯೂ ಆಸೆ ಬಿಡಬಾರದೆಂಬುದು ಕುರ್‌ಆನಿನ 39ನೆಯ ಅಧ್ಯಾಯದ 53ನೆಯ ವಚನದ ತಾತ್ಪರ್ಯ. ಬುಖಾರಿ ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ) ಸಂಗ್ರಹದ ಪ್ರಸಂಗವೊಂದರಲ್ಲಿ, ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಅಬ್ದುಲ್ಲಾ ಎಂಬವನನ್ನು ಯಾರೋ ಶಪಿಸುತ್ತಾರೆ. ಪ್ರವಾದಿ ಮುಹಮ್ಮದರು ಅದನ್ನು ತಡೆಯುತ್ತಾರೆ. ಅವನಿಗೆ ದೇವರ ಮೇಲೂ ಪ್ರವಾದಿಯ ಮೇಲೂ ಪ್ರೀತಿಯಿದೆ ಎಂಬುದೇ ಕಾರಣ. ಶಿಕ್ಷೆ ತಪ್ಪಲಿಲ್ಲ, ಶಾಪ ಮಾತ್ರ ಸಲ್ಲಲಿಲ್ಲ, ಗಮನಿಸಬೇಕಾದ್ದು ಇದನ್ನು. ಇಸ್ಲಾಮಿನ ಶಾಫಿ ನ್ಯಾಯಪಂಥದ ವಿದ್ವಾಂಸ ಅಲ್-ಗಝಾಲಿ (ನಿಧನ 1111) ಪಾಪಿಯೆದುರು ಬೀಗುವ ಧರ್ಮಿಷ್ಠನ ಅಹಂಕಾರವನ್ನೇ ಹೃದಯದ ರೋಗವೆಂದ. ಯಾರ ಕೊನೆ ಹೇಗೆಂದು ಬಲ್ಲವರಾರು ಎಂಬುದು ಆತನ ವಾದ.

ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ನವಾಯತ ಮುಸ್ಲಿಮರೂ ಶಾಫಿ ಪಂಥದವರೇ. ಇಂಥ ಧರ್ಮಬೋಧೆಗೆ ಇಲ್ಲಿ ಪಾಠಶಾಲೆಗಳ ಹಳೆಯ ಪರಂಪರೆಯಿದೆ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಬಾಲಕಿಯರ 13, ಬಾಲಕರ 23 ಶಾಲೆಗಳನ್ನು ದಾಖಲಿಸಿದ್ದಾನೆ. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಭಟ್ಕಳದ ಸಮುದಾಯ ಸಂಘಟನೆ ಮಜ್ಲಿಸೆ ಇಸ್ಲಾಹ್ ವ ತಂಝೀಮ್ 1912ರಲ್ಲಿ, ಹದೀಸ್ ಮತ್ತು ಧರ್ಮಶಾಸ್ತ್ರ ಕಲಿಸುವ ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಸ್ಥಾಪನೆಯಾದವು.