ಕಲ್ಲಿನ ಸಾಕ್ಷಿ, ಕಾಗದದ ಸಾಕ್ಷಿ: ಮಂಗಳೂರಿನ ಚರಿತ್ರೆಯನ್ನು ಕುರಿತು

ನಮ್ಮ ವಿಚಾರಣೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಮಂಗಳೂರಿನ ಮಾತೇಕೆಂದು ವಾಚಕರು ಕೇಳಬಹುದು. ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಕಥೋಲಿಕ ಮನೆತನಗಳಲ್ಲಿ ಹಲವು ಕರಾವಳಿಯಿಂದ ಘಟ್ಟವೇರಿ ಬಂದವು. ಕಾಫಿ ತೋಟಗಳಲ್ಲಿ, ರೈಲ್ವೆಯಲ್ಲಿ, ಶಾಲೆಗಳಲ್ಲಿ ದುಡಿಯಲು ಬಂದವರ ಮೊಮ್ಮಕ್ಕಳು ಇಂದು ತಮ್ಮ ಮೂಲವನ್ನು ಅರಸಿದರೆ ಮಂಗಳೂರಿನ ಚರಿತ್ರೆಯ ಬಾಗಿಲನ್ನೇ ತಟ್ಟಬೇಕಾಗುತ್ತದೆ. ಆ ಬಾಗಿಲು ಸುಲಭವಾಗಿ ತೆರೆಯುವಂಥದಲ್ಲ.

ನಾವು ನೆಲೆಸಿರುವ ಸೀಮೆಯ ಭಾಗ್ಯವೇ ಬೇರೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಸಂಗತಿ ಶಿಲಾಲಿಖಿತವಾಗಿದೆ. ಹಳೇಬೀಡು ದೋರಸಮುದ್ರವೆಂಬ ರಾಜಧಾನಿಯಾಗಿದ್ದುದು, ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿಗೆ ನಿಂತದ್ದು, ಇವೆಲ್ಲಕ್ಕೂ ಕಲ್ಲೇ ಸಾಕ್ಷಿ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು 1902ರಲ್ಲಿಯೇ ಒಂದು ಸಂಪುಟವಾಗಿ ಪ್ರಕಟಿಸಿದರು. ಈ ಹೊಯ್ಸಳರ ಚರಿತ್ರೆ ಘಟ್ಟದ ಕೆಳಗಿನ ಮಾತನ್ನೂ ಆಡುತ್ತದೆ. ವಿಷ್ಣುವರ್ಧನನ ದಿಗ್ವಿಜಯದಲ್ಲಿ ಆಳುವಖೇಡ ಸೇರಿದೆ. ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಬಾರಕೂರಿನಿಂದ ಆಳಿದಳು. ಕರಾವಳಿಯ ಶಾಸನಗಳನ್ನು ಹುಡುಕಿ ಜೋಡಿಸಿದವರಲ್ಲಿ ಕೆ. ವಿ. ರಮೇಶ್ ಅವರ ಗ್ರಂಥ 1970ರಲ್ಲಿಯೂ, ಪಿ. ಗುರುರಾಜ ಭಟ್ಟರ ಬೃಹದ್ಗ್ರಂಥ 1975ರಲ್ಲಿಯೂ ಹೊರಬಂದವು.

ಆದರೆ ಬಂದರು ನಗರದ ಕಥೆಯನ್ನು ಕಲ್ಲೊಂದೇ ಹೇಳಲಾರದು. ಬಂದು ಹೋದವರೆಲ್ಲ ಒಂದೊಂದು ಚೂರನ್ನು ತಮ್ಮೊಡನೆ ಒಯ್ದರು. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತನ ಬರಹ ಅರಬ್ಬಿಯಲ್ಲಿದೆ; 1623ರಲ್ಲಿ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು ಇಟಾಲಿಯನ್ನಿನಲ್ಲಿವೆ; ಪೋರ್ಚುಗೀಸರ ಕಡತಗಳು ಗೋವೆ, ಲಿಸ್ಬನ್ನುಗಳಲ್ಲಿವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಮೋಗ್ಲಿಂಗ್. ನಮ್ಮವರ ಪೈಕಿ ಯೇಸುಸಭೆಯ ಮೂರ್ ಸ್ವಾಮಿಗಳು ಸಂಪಾದಿಸಿದ ಮಂಗಳೂರು ಧರ್ಮಪ್ರಾಂತ್ಯದ ಚರಿತ್ರೆ 1905ರಲ್ಲಿ ಅಚ್ಚಾಯಿತು. ಒಬ್ಬೊಬ್ಬರ ಕಣ್ಣೂ ಒಂದೊಂದು ಕಡೆಗೆ. ಒಬ್ಬರನ್ನೇ ನಂಬಿ ಕುಳಿತರೆ ಅರ್ಧ ಚರಿತ್ರೆ ಮಾತ್ರ ದಕ್ಕೀತು.

ಇದಕ್ಕೆ ನಮ್ಮ ಮನಸ್ಸಿಗೆ ಅತಿ ಸಮೀಪದ ಉದಾಹರಣೆಯನ್ನೇ ಕೊಡುತ್ತೇನೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. 1680ರಲ್ಲಿ ಸ್ಥಾಪನೆಯಾಗಿದ್ದ ಮಿಲಾಗ್ರಿಸ್ ದೇವಾಲಯವೂ ಸೇರಿ ಅನೇಕ ದೇವಾಲಯಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿದರು. ಸೆರೆಯಾದ ದಿನ ‘ಫೆಬ್ರವರಿ 24, ವಿಭೂತಿ ಬುಧವಾರ’ ಎಂದು ಪುಸ್ತಕದಿಂದ ಪುಸ್ತಕಕ್ಕೆ ಬರೆದುಕೊಂಡು ಬಂದಿದ್ದಾರೆ. ಧರ್ಮಸಭೆಯ ಪಂಚಾಂಗವನ್ನು ತೆರೆದು ಲೆಕ್ಕ ಹಾಕಿ ನೋಡಿ. ಆ ವರ್ಷ ಪಾಸ್ಕ ಹಬ್ಬ ಬಿದ್ದುದು ಏಪ್ರಿಲ್ 11ರಂದು. ಅಲ್ಲಿಂದ ನಲವತ್ತಾರು ದಿನ ಹಿಂದೆಣಿಸಿದರೆ (ಅದು ಅಧಿಕ ವರ್ಷವೆಂಬುದನ್ನು ಮರೆಯಬಾರದು) ವಿಭೂತಿ ಬುಧವಾರ ಬರುವುದು ಫೆಬ್ರವರಿ 25ಕ್ಕೆ. 24 ಮಂಗಳವಾರ. ಒಂದೋ ತಾರೀಖು ಸರಿ, ಇಲ್ಲವೇ ವಾರ ಸರಿ. ಎರಡೂ ಒಟ್ಟಿಗೆ ನಿಲ್ಲಲಾರವು. ಇದರಿಂದ ಆ ಜನರ ಸಂಕಟ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಉಪವಾಸಕಾಲದ ಮೊದಲ ದಿನವೆಂದು ಜನರ ನೆನಪು ಹಿಡಿದುಕೊಂಡದ್ದು ಒಂದು ಬಗೆಯ ಸಾಕ್ಷಿ, ತಾರೀಖು ಮತ್ತೊಂದು ಬಗೆಯದು; ಇವೆರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಸೆರೆಯಾದವರ ಸಂಖ್ಯೆಯೂ ಹಾಗೆಯೇ. ಒಬ್ಬರು 30,000 ಎಂದರೆ, ಇನ್ನೊಬ್ಬರು 60,000, ಮತ್ತೊಬ್ಬರು ಇನ್ನೂ ಹೆಚ್ಚು. ದೊಡ್ಡ ಸಂಖ್ಯೆಯನ್ನು ಹೇಳಿದರೆ ಹಿರಿಯರಿಗೆ ಹೆಚ್ಚು ಗೌರವವೆಂದು ಭಾವಿಸುವವರಿದ್ದಾರೆ. ನನಗಂತೂ ಹಾಗೆ ತೋರುವುದಿಲ್ಲ.

ಮನೆತನಗಳ ಎಳೆ ಆ ವರ್ಷದಲ್ಲಿಯೇ ಕಡಿದು ಹೋಗುವುದುಂಟು. ದೇವಾಲಯ ಬಿದ್ದಲ್ಲಿ ಅದರ ಪುಸ್ತಕಗಳು ಉಳಿಯುವುದೆಂತು? 1563ರಲ್ಲಿ ತ್ರೆಂತ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಜ್ಞಾನಸ್ನಾನದ ಪುಸ್ತಕವಂತೂ ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃಗಳು, ದಿನ ಎಲ್ಲವನ್ನೂ ಹೇಳುತ್ತದೆ. 1908ರಿಂದ ಜಾರಿಗೆ ಬಂದ ನಿಯಮದಂತೆ ಒಬ್ಬನ ವಿವಾಹ ಎಲ್ಲಿಯೇ ಆಗಲಿ, ಅವನು ಜ್ಞಾನಸ್ನಾನ ಪಡೆದ ವಿಚಾರಣೆಗೆ ತಿಳಿಸಿ ಅಲ್ಲಿನ ಪುಟದ ಅಂಚಿನಲ್ಲಿ ಬರೆಸಬೇಕು. ಮಂಗಳೂರಿನಲ್ಲಿ ಹುಟ್ಟಿ ಘಟ್ಟದ ಮೇಲೆ ಮದುವೆಯಾದವನ ಜಾಡು ಆ ಅಂಚಿನ ಒಂದೇ ಸಾಲಿನಲ್ಲಿ ಸಿಕ್ಕೀತು. ಡಿಸೋಜ, ಪಿಂಟೊ, ಲೋಬೊ ಎಂಬ ಅಡ್ಡಹೆಸರುಗಳು ನೂರಾರು ಮನೆಗಳಿಗೆ ಸಮಾನವಾಗಿರುವುದರಿಂದ ಬರಿಯ ಹೆಸರನ್ನು ನಂಬುವಂತಿಲ್ಲ. ಹುಟ್ಟೂರು, ಅಜ್ಜನ ಹೆಸರು, ಜ್ಞಾನಪಿತೃಗಳ ಹೆಸರು, ಇಷ್ಟನ್ನೂ ಕೂಡಿಸಿ ನೋಡಬೇಕು. ಗಣಿತಜ್ಞರಾದ ಡಾ. ಮೈಕಲ್ ಲೋಬೊ ಅವರು 1990ರ ದಶಕದಿಂದ ಮಂಗಳೂರಿನ ಕಥೋಲಿಕ ಮನೆತನಗಳ ವಂಶಾವಳಿಗಳನ್ನು ಸಂಗ್ರಹಿಸಿ ಕ್ರಮಗೊಳಿಸಿದ ಪರಿಶ್ರಮ ಮೆಚ್ಚತಕ್ಕದ್ದು.

ಕರಾವಳಿಯ ಮಳೆಗೂ ಮಲೆನಾಡಿನ ಗೆದ್ದಲಿಗೂ ಕಾಗದದ ಮೇಲೆ ಕರುಣೆಯಿಲ್ಲ. ಬೇಲೂರಿನ ಶಾಸನ ಒಂಬತ್ತು ಶತಮಾನ ತಾಳಿದೆ. ನೂರು ವರ್ಷದ ಪುಸ್ತಕದ ಶಾಯಿ ಈಗಾಗಲೇ ಹಾಳೆಯನ್ನು ತಿನ್ನುತ್ತಿರುತ್ತದೆ. ಹಳೆಯ ಪ್ರಾರ್ಥನಾ ಪುಸ್ತಕದ ಮೊದಲ ಪುಟದಲ್ಲಿ ಹಿರಿಯರು ಮಕ್ಕಳ ಹುಟ್ಟಿದ ದಿನ ಬರೆದಿಟ್ಟಿದ್ದರೆ, ಜಮೀನಿನ ಪತ್ರವೋ ಕರಾವಳಿಯಿಂದ ಬಂದ ಕಾಗದವೋ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ವಿಚಾರಣೆಯ ಬಾಂಧವರು ದಯವಿಟ್ಟು ಗುರುನಿವಾಸಕ್ಕೆ ತರಬೇಕು. ಊರು, ವರ್ಷ, ಮನೆತನದ ಕ್ರಮದಲ್ಲಿ ನಕಲು ಮಾಡಿಕೊಂಡು ಮೂಲವನ್ನು ಅಂದೇ ಹಿಂದಿರುಗಿಸಲಾಗುವುದು. ಹರಿದಿದ್ದರೂ ಸರಿ, ಓದಲು ಬಾರದ ಪೋರ್ಚುಗೀಸ್ ಬರಹವಾದರೂ ಸರಿ.